ಡಬ್ಬಿಯಲ್ಲಿ ಬೆಲ್ಲದ ಹೆಂಟೆ

ಹಾವೇರಿ ಬಸ್‌ಸ್ಟ್ಯಾಂಡಿಗೆ ಮುಂಜಾನೆ ಎಂಟರಿಂದ ಒಂಬತ್ತರ ನಡುವೆ ಬರುತ್ತಿದ್ದ ಬಸ್ಸುಗಳಿಂದ ಮೊದಲು ಇಳಿಯುತ್ತಿದ್ದದ್ದು ಮನುಷ್ಯರಲ್ಲ, ಬುತ್ತಿ. ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಒತ್ತೊತ್ತಾಗಿ ಕೂತು ಬಂದ ಅರಿವೆಯ ಗಂಟುಗಳು. ಗಂಟಿನೊಳಗೆ ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ರೊಟ್ಟಿ, ಪಲ್ಯ, ಚಟ್ನಿ. ಊರಿನಲ್ಲಿ ಅವ್ವ ಐದಕ್ಕೆ ಎದ್ದು ರೊಟ್ಟಿ ಬಡಿದು, ಮೊದಲ ಬಸ್ಸಿನ ಡ್ರೈವರನ ಕೈಗೆ ಕೊಟ್ಟರೆ ಮುಗಿಯಿತು. ಪಟ್ಟಣದಲ್ಲಿ ಖೋಲಿ ಹಿಡಿದು ಓದುವ ಮಗನಿಗೋ ಮಗಳಿಗೋ ಅದು ಮುಟ್ಟಿಯೇ ಮುಟ್ಟುತ್ತಿತ್ತು. ಸಂಜೆ ಖಾಲಿ ಡಬ್ಬಿ ಅದೇ ದಾರಿಯಲ್ಲಿ ವಾಪಸ್. ಹೆಸರಿಲ್ಲ, ಚೀಟಿಯಿಲ್ಲ, ಯಾವ ಗಂಟು ಯಾರದೆಂದು ಡ್ರೈವರನಿಗೆ ಅರಿವೆಯ ಬಣ್ಣ ನೋಡಿದರೇ ಗೊತ್ತು.

ಊರಿನ ಹೊರಗಿದ್ದ ಸ್ನಾತಕೋತ್ತರ ಕೇಂದ್ರದಲ್ಲಿ ಎಂ.ಎ. ಓದುತ್ತಿದ್ದ ಹುಡುಗಿಯರಿಗೆ ಎರಡು ಸಾವಿರದ ಐದರ ಆ ವರ್ಷ ಹಾಸ್ಟೆಲ್ ಇರಲಿಲ್ಲ. ನಾಗೇಂದ್ರನಮಟ್ಟಿಯ ಒಂದು ಹಳೆಯ ಮನೆಯ ಹಿಂದಿನ ನಾಲ್ಕು ಖೋಲಿಗಳಲ್ಲಿ ಹನ್ನೊಂದು ಹುಡುಗಿಯರು ತುಂಬಿಕೊಂಡಿದ್ದರು. ಅವರಲ್ಲಿ ಹತ್ತು ಮಂದಿಗೆ ಬುತ್ತಿ ಬರುತ್ತಿತ್ತು. ಬಾರದವಳು ಒಬ್ಬಳೇ, ಬ್ಯಾಡಗಿಯ ಶ್ವೇತಾ.

ಬಡವರ ಮನೆಯ ಹುಡುಗಿಯೇನಲ್ಲ ಮತ್ತೆ! ಅಪ್ಪ ಅಂದಾನೆಪ್ಪನಿಗೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಅಂಗಡಿ. ಇವಳು ರಜೆಗೆ ಹೋಗಿಬಂದು ಬ್ಯಾಗು ಬಿಚ್ಚಿದಳೆಂದರೆ ನಾಲ್ಕೂ ಖೋಲಿಯವರು ಸೀನುತ್ತಿದ್ದರು. ಆದರೆ ಶ್ವೇತಾ ಮೂರು ವರ್ಷದವಳಿದ್ದಾಗಲೇ ತಾಯಿ ತೀರಿಹೋಗಿದ್ದಳು. ಸಾಕಿದ ಅಜ್ಜಿ ನೀಲಗಂಗವ್ವನಿಗೆ ಈಗ ಕಣ್ಣು ಮಂಜು. ಅಪ್ಪನಿಗೂ ಅಜ್ಜಿಗೂ ಖಾನಾವಳಿಯಿಂದಲೇ ಊಟ ಬರುವಾಗ ಇವಳಿಗೆ ಯಾರು ಬುತ್ತಿ ಕಟ್ಟಬೇಕು? ಅಪ್ಪ ಅದರ ಬದಲಿಗೆ ಒಂದು ಮೊಬೈಲ್ ಫೋನು ಕೊಡಿಸಿದ್ದ. ಹನ್ನೊಂದು ಹುಡುಗಿಯರ ನಡುವೆ ಅದೊಂದೇ ಫೋನು.

ಚಂದವೆಂದರೆ, ಬುತ್ತಿಯೇ ಇಲ್ಲದ ಈ ಹುಡುಗಿಯೇ ಬುತ್ತಿಯ ವ್ಯವಸ್ಥೆ ಕಟ್ಟಿದವಳು. ಹತ್ತು ಮಂದಿ ದಿನಾ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಓಡುವುದು ಯಾಕೆ, ದಿನಕ್ಕೆ ಒಬ್ಬಳು ಹೋಗಿ ಎಲ್ಲ ಗಂಟು ತಂದರೆ ಉಳಿದವರು ಓದಬಹುದಲ್ಲ ಎಂದು ಪಾಳಿ ಹಚ್ಚಿದಳು. ಆಮೇಲೆ ಆ ಪಾಳಿಗೆ ಇನ್ನಷ್ಟು ಸೇರಿದವು: ಜ್ವರ ಬಂದವಳ ಹತ್ತಿರ ಯಾರು ಕೂಡಬೇಕು, ಸಂಜೆ ಲೈಬ್ರರಿಯಿಂದ ಕತ್ತಲಾಗುವ ಮುಂಚೆ ಯಾರ ಜೊತೆ ಯಾರು ಬರಬೇಕು, ಹೊಸದಾಗಿ ಸೇರಿದವಳು ಅತ್ತರೆ ಯಾರು ಚಹಾ ಮಾಡಬೇಕು. ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಹೀಗೇ ಬೆಳೆದು ಅದಕ್ಕೆ 'ವಿದ್ಯಾರ್ಥಿನಿಯರ ಬಳಗ' ಎಂಬ ಹೆಸರೂ ಬಂತು. ನೋಂದಾಯಿಸಲು ಹೋದಾಗ ಕೇಂದ್ರದ ಮುಖ್ಯಸ್ಥರು ಕನ್ನಡಕ ಏರಿಸಿ, "ಸಂಘದ ಉದ್ದೇಶ?" ಎಂದು ಕೇಳಿದ್ದರು. "ಊಟ ಸರ್" ಎಂದುಬಿಟ್ಟಿದ್ದಳು ಶ್ವೇತಾ. ಪಕ್ಕದಲ್ಲಿದ್ದ ದೀಪಿಕಾ ಅವಳ ಕಾಲು ತುಳಿದು, "ಪರಸ್ಪರ ಸಹಾಯ ಸರ್" ಎಂದು ತಿದ್ದಿದಳು.

ದೀಪಿಕಾ ಕುಪ್ಪೇಲೂರಿನವಳು, ಬಳಗದ ಅಧ್ಯಕ್ಷೆ, ಶ್ವೇತಾಳ ಖೋಲಿಯವಳು. ಮೆತ್ತಗಿನ ಹುಡುಗಿ, ಆದರೆ ಮಾತಾಡಲು ನಿಂತಳೆಂದರೆ ಎದುರಿನವರು ಪೆನ್ನು ಕೆಳಗಿಟ್ಟು ಕೇಳಬೇಕು. ಅವಳ ಬುತ್ತಿಯದೊಂದು ದೊಡ್ಡ ಪ್ರಯಾಣ. ಕುಪ್ಪೇಲೂರಿನಿಂದ ರಾಣೆಬೆನ್ನೂರಿಗೆ ಒಂದು ಬಸ್ಸು. ಅಲ್ಲಿ ಸ್ಟ್ಯಾಂಡಿನ ಬಾಗಿಲಿಗೇ ಬಾಳೆಹಣ್ಣಿನ ಗಾಡಿ ನಿಲ್ಲಿಸಿಕೊಂಡಿರುವ ಯೂಸುಫಸಾಬ ಅದನ್ನು ಇಳಿಸಿಕೊಂಡು ಹಾವೇರಿ ಬಸ್ಸಿಗೆ ಏರಿಸುತ್ತಿದ್ದ. ಸಂಜೆ ಖಾಲಿ ಡಬ್ಬಿಗೂ ಅವನದೇ ಕೈ. ಗಂಟು ತಪ್ಪಿದರೆ ತಿಳಿಸಲೆಂದು ಶ್ವೇತಾಳ ಫೋನ್ ನಂಬರೂ ಅವನ ಹತ್ತಿರ ಇತ್ತು. ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿದ ಆ ಗಂಟಿನಲ್ಲಿ ದಿನಾ ಎಂಟು ಜೋಳದ ರೊಟ್ಟಿ. ದೀಪಿಕಾ ತಿನ್ನುತ್ತಿದ್ದದ್ದು ಮೂರು. ಉಳಿದ ಐದು ಯಾರ ಹೊಟ್ಟೆಗೆ ಹೋಗುತ್ತಿದ್ದವು ಎಂದು ಬೇರೆ ಹೇಳಬೇಕೇ?

ಊರಿನಲ್ಲಿ ತಾಯಿ ಗುಡ್ಡವ್ವನಿಗೆ ಇದು ಗೊತ್ತಿರಲಿಲ್ಲ. 'ಎಂಟು ಕಳಸು ಯವ್ವಾ, ಓದಿ ಓದಿ ಹಸಿವಿ ಆಗ್ತದ' ಎಂದು ಮಗಳು ಹೇಳಿದ್ದನ್ನು ನಂಬಿದ್ದಳು. ಹಬ್ಬಕ್ಕೆ ಬಂದ ಮಗಳು ಕಡ್ಡಿಯಂತೆಯೇ ಇರುವುದನ್ನು ನೋಡಿ ಚಿಂತೆ ಹತ್ತಿ, ಎರಡು ಸಲ ಜಂತುಹುಳದ ಔಷಧ ಕುಡಿಸಿದ್ದಳು. ಸ್ನೇಹಕ್ಕಾಗಿ ದೀಪಿಕಾ ಅದನ್ನೂ ಕುಡಿದಿದ್ದಳು.

ತಂದೆ ಮಲ್ಲೇಶಪ್ಪನ ಮಾತು ಬೇರೆ. ಮಾತೇ ಕಡಿಮೆಯ ಮನುಷ್ಯ. ಮಗಳನ್ನು ಖೋಲಿಗೆ ಬಿಟ್ಟು ಹೋಗುವ ದಿನ ಮೂರು ಬೆರಳು ಎತ್ತಿ ಹೇಳಿದ್ದ: "ಕಾಲೇಜು, ಖೋಲಿ, ಬಸ್‌ಸ್ಟ್ಯಾಂಡು. ಈ ಮೂರು ಬಿಟ್ಟು ನಾಕನೇ ಜಾಗಾದಾಗ ಕಾಲಿಟ್ಟಿ ಅಂತ ತಿಳೀತಂದ್ರ, ಅವತ್ತ ಟ್ರಂಕ್ ಕಟ್ಟಿಸಿ ಮನಿಗೆ ಕರಕೊಂಡು ಹೋಗ್ತೀನಿ." ಹೇಳಿದರೆ ಮಾಡುವವನು. ಅದು ದೀಪಿಕಾಳಿಗೂ ಗೊತ್ತು, ಬಳಗಕ್ಕೂ ಗೊತ್ತು.

ಅಂಥದ್ದರಲ್ಲಿ ಧಾರವಾಡದಿಂದ ಪತ್ರ ಬಂತು. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿ ಸಂಘಗಳ ಪ್ರತಿನಿಧಿಗಳ ಸಭೆ, ಗುರುವಾರ ಮತ್ತು ಶುಕ್ರವಾರ. ಹಾವೇರಿಯ ಹುಡುಗಿಯರು ಒಂದೂವರೆ ವರ್ಷದಿಂದ ಹಾಸ್ಟೆಲ್ಲಿಗಾಗಿ ಬರೆದ ಅರ್ಜಿಗಳಿಗೆಲ್ಲ ಅಲ್ಲಿ ಉತ್ತರ ಕೇಳಬಹುದು. ಹೋಗುವವರು ಅಧ್ಯಕ್ಷೆಯೇ ಆಗಿರಬೇಕು. ಒಂದು ರಾತ್ರಿ ಅಲ್ಲಿಯ ಹಾಸ್ಟೆಲ್ಲಿನಲ್ಲಿ ಉಳಿಯಬೇಕು.

"ಅಪ್ಪನ್ನ ಕೇಳಿದ್ರ ಒಲ್ಲೆ ಅಂತಾನ. ಕೇಳದ ಹೋದ್ರ ತಿಳೀತದ" ಎಂದು ದೀಪಿಕಾ ಹಾಸಿಗೆಯ ಮೇಲೆ ಕುಸಿದಳು.

"ಹೆಂಗ ತಿಳೀತದ? ನಿಮ್ಮ ಮನಿಗೂ ಹಾವೇರಿಗೂ ನಡುವ ಇರೋದು ಒಂದು ಡಬ್ಬಿ. ಡಬ್ಬಿ ಹೋಗೋದು ಬರೋದು ನಡದ್ರ ನೀ ಇಲ್ಲೇ ಅದಿ ಅಂತ ಲೆಕ್ಕ. ಹೋಗಿ ಬಾ, ನಾ ಅದೀನಿ" ಎಂದಳು ಶ್ವೇತಾ. ಅವಳು 'ನಾ ಅದೀನಿ' ಎಂದಾಗಲೆಲ್ಲ ಸುರೇಖಾ ಮೊದಲೇ ತನ್ನ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ರಾಣೆಬೆನ್ನೂರಿನ ಸುರೇಖಾ ಬಳಗದಲ್ಲೆಲ್ಲ ಸತ್ಯವಂತೆ. ಸುಳ್ಳು ಹೇಳಬೇಕಾದರೆ ಅವಳ ಕಿವಿ ಕೆಂಪಾಗುತ್ತಿತ್ತು.

ಗುರುವಾರ ಮುಂಜಾನೆ ದೀಪಿಕಾ ಹೋದಳು. ಹಸಿರು ಗಂಟು ಬಂತು. ಶ್ವೇತಾ ಎಂಟು ರೊಟ್ಟಿಗಳಲ್ಲಿ ಐದನ್ನು ರೂಢಿಯ ಪ್ರಕಾರ, ಮೂರನ್ನು ಗೆಳತಿಯ ಪರವಾಗಿ ತಿಂದಳು. ಡಬ್ಬಿಯನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸಿದಳು. ಅರಿವೆಯನ್ನು ದೀಪಿಕಾ ಕಟ್ಟುವ ಹಾಗೆಯೇ ಎರಡು ಸುತ್ತು ಹಾಕಿ ಕಟ್ಟಬೇಕು ಎಂದು ನೆನಪಿಟ್ಟುಕೊಂಡಳು. ಕಟ್ಟುವ ಮುಂಚೆ, ಪುಟ್ಟ ಹುಡುಗಿಯಾಗಿದ್ದಾಗಿನಿಂದ ಅಜ್ಜಿ ನೀಲಗಂಗವ್ವ ಕೈ ಹಿಡಿದು ಕಲಿಸಿದ್ದನ್ನು ಮಾಡಿದಳು. ಯಾರ ಮನೆಯ ಪಾತ್ರೆಯನ್ನೂ ಬರಿದೇ ಕಳಿಸಬಾರದು. ಏನಿಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಇಟ್ಟು ಕಳಿಸಬೇಕು. ಶ್ವೇತಾ ಧಾರಾಳಿ. ಚೂರು ಯಾಕೆ, ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆಯನ್ನೇ ಇಟ್ಟಳು. ಐದು ಗಂಟೆಯ ಬಸ್ಸಿಗೆ ಡಬ್ಬಿ ಕೊಟ್ಟು, ಬಹಳ ಜಾಣತನ ಮಾಡಿದೆ ಎಂಬ ಸಮಾಧಾನದಲ್ಲಿ ಒಂದು ಪ್ಲೇಟು ಗಿರ್ಮಿಟ್ ತಿಂದು ಖೋಲಿಗೆ ಬಂದಳು.

ಶುಕ್ರವಾರ ಮುಂಜಾನೆ ಬಸ್‌ಸ್ಟ್ಯಾಂಡಿನ ಪಾಳಿ ಅವಳದೇ. ಇನ್ನೂ ಚಪ್ಪಲಿ ಮೆಟ್ಟುತ್ತಿದ್ದಳು, ಫೋನು ಬಡಿದುಕೊಂಡಿತು. ರಾಣೆಬೆನ್ನೂರಿನಿಂದ ಯೂಸುಫಸಾಬ.

"ಬೇಟಾ, ಇವತ್ತ ಕುಪ್ಪೇಲೂರ ಬುತ್ತಿ ನಾ ಏರಿಸಿಲ್ಲ."

"ಯಾಕ ಚಾಚಾ, ಬಂದಿಲ್ಲೇನು?"

"ಬಂದೈತಿ. ಕಟ್ಟಿದಾಕಿನೂ ಬುತ್ತಿ ಜೊತಿ ಬಂದಾಳ. ಆಕಿ ಗಂಡನೂ ಬಂದಾನ. ಇಬ್ಬರೂ ಬಸ್ ಹತ್ಯಾರ. ಸಾಹುಕಾರ್ರ ಮಾರಿ ನೋಡಿದ್ರ ಬಾಳೆಹಣ್ಣು ಬೇಕೇನ್ರಿ ಅಂತ ಕೇಳಾಕೂ ಧೈರ್ಯ ಆಗಲಿಲ್ಲ ನನಗ. ಲಗೂ ಏನರೆ ಮಾಡ್ರಿ."

ಅಯ್ಯೋ ಶಿವನೇ! ರಾಣೆಬೆನ್ನೂರಿನಿಂದ ಹಾವೇರಿಗೆ ಮುಕ್ಕಾಲು ಗಂಟೆ. ಶ್ವೇತಾ ನಾಲ್ಕೂ ಖೋಲಿಗಳ ಬಾಗಿಲು ಬಡಿದಳು. ಒಬ್ಬಳ ತಲೆಯಲ್ಲಿ ಸೋಪು, ಒಬ್ಬಳ ಬಾಯಿಯಲ್ಲಿ ಬ್ರಷ್ಷು. "ದೀಪಿಕಾ ಲೈಬ್ರರಿಗೆ ಹೋಗ್ಯಾಳ, ತಿಳೀತಾ? ಎಲ್ಲಾರೂ ಅದನ್ನ ಹೇಳ್ರಿ, ಲೈಬ್ರರಿ!" ಎಂದು ಕೂಗಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಸೋಪಿನವಳಿಗೆ ಅರ್ಧ ಕೇಳಿಸಿತು. ಬ್ರಷ್ಷಿನವಳು ತಲೆ ಅಲ್ಲಾಡಿಸಿದಳು. ಸುರೇಖಾ ಆ ಹೊತ್ತಿಗೆ ಹಾಲು ತರಲು ಹೋಗಿದ್ದಳು.

ಬಸ್ಸಿನಿಂದ ಮೊದಲು ಮಲ್ಲೇಶಪ್ಪ ಇಳಿದ: ಬಿಳಿ ಧೋತರ, ತಲೆಗೆ ಪಟಗ, ಗಂಟಿಕ್ಕಿದ ಹುಬ್ಬು. ಹಿಂದೆ ಗುಡ್ಡವ್ವ, ದೊಡ್ಡ ಮೈಕಟ್ಟಿನ ಹೆಂಗಸು, ಎದೆಗೆ ಒತ್ತಿ ಹಿಡಿದ ಹಸಿರು ಗಂಟು. ಬಾಗಿಲ ಮೆಟ್ಟಿಲಿನಲ್ಲೇ ನಿಂತು ಸುತ್ತಲೂ ನೋಡಿದಳು. ಅವಳ ಕಣ್ಣು ಅತ್ತು ಕೆಂಪಾಗಿದ್ದವು. ಅದನ್ನು ಕಂಡು ಶ್ವೇತಾಳ ಜೀವ ಹಿಡಿಯಷ್ಟಾಯಿತು.

"ಬರ್ರಿ ಕಾಕಾ, ಬರ್ರಿ ಅತ್ತಿ! ದೀಪಿಕಾ ಲೈಬ್ರರಿಯೊಳಗ ಅದಾಳ."

"ಇಷ್ಟ ಮುಂಜಾನೆ?" ಎಂದ ಮಲ್ಲೇಶಪ್ಪ.

"ಪರೀಕ್ಷಾ ಬಂತಲ್ರಿ, ಲಗೂ ತೆಗೀತಾರ."

ಖೋಲಿಯ ಅಂಗಳದಲ್ಲಿ ಸೋಪಿನ ಹುಡುಗಿ ಒದ್ದೆ ತಲೆಗೆ ಟವೆಲ್ ಸುತ್ತಿ ನಿಂತಿದ್ದಳು. ಮಲ್ಲೇಶಪ್ಪ ಕೇಳುವ ಮುಂಚೆಯೇ ಗಡಬಡಿಸಿ, "ದೀಪಿಕಾ ಗುಡಿಗೆ ಹೋಗ್ಯಾಳ್ರಿ!" ಎಂದಳು. ಬ್ರಷ್ಷಿನವಳು ಒಳಗಿನಿಂದ ಓಡಿಬಂದು, "ಹಲ್ಲಿನ ಡಾಕ್ಟರ ಹತ್ರ" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟರಲ್ಲಿ ಹಾಲಿನ ಪಾತ್ರೆ ಹಿಡಿದು ಸುರೇಖಾ ಬಾಗಿಲಿಗೆ ಬಂದಳು. "ನೀ ಹೇಳವ್ವಾ, ನಮ್ಮ ದೀಪಿಕಾ ಎಲ್ಲಿ?" ಎಂದು ಗುಡ್ಡವ್ವ ಕೇಳಿದ್ದೇ ತಡ, ಸುರೇಖಾಳ ಎರಡೂ ಕಿವಿ ದಾಸವಾಳದ ಹೂವಾದವು. ಹಾಲು ಕೆಳಗಿಟ್ಟು ಅತ್ತುಬಿಟ್ಟಳು.

ಆ ಅಳು ಕೇಳಿ ಗುಡ್ಡವ್ವ ಕಂಬ ಹಿಡಿದುಕೊಂಡಳು. "ನನ್ನ ಕೂಸಿಗೆ ಏನಾಗೇತಿ? ಖರೇ ಹೇಳ್ರಿ, ನಿಮ್ಮ ಕಾಲು ಬೀಳ್ತೀನಿ!"

ಶ್ವೇತಾಳಿಗೆ ಆಗ ಜಾಣತನವೆಲ್ಲ ಇಳಿದುಹೋಯಿತು. ತಾಯಿಯೊಬ್ಬಳು ಹೀಗೆ ನಡುಗುವುದನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಅದೂ ತನ್ನಿಂದಾಗಿ. ಗುಡ್ಡವ್ವನ ಎರಡೂ ಕೈ ಹಿಡಿದುಕೊಂಡಳು. "ಏನೂ ಆಗಿಲ್ಲ ಅತ್ತಿ, ಆರಾಮ ಅದಾಳ. ಧಾರವಾಡಕ್ಕ ಹೋಗ್ಯಾಳ, ಹಾಸ್ಟೆಲ್ ಕೇಳಾಕ, ನಮ್ಮೆಲ್ಲಾರ ಪರವಾಗಿ. ಇವತ್ತ ನಾಕ ಗಂಟೇಕ ಬರ್ತಾಳ. ಹೋಗು ಅಂದಾಕಿ ನಾ. ಡಬ್ಬಿ ಕಳಿಸಿದಾಕಿನೂ ನಾನ."

"ಅದು ನನಗ ನಿನ್ನಿ ಸಂಜೀಕ ಗೊತ್ತಾತು" ಎಂದಳು ಗುಡ್ಡವ್ವ ಮೂಗು ಒರೆಸಿಕೊಂಡು. "ಮುಚ್ಚಳಾ ತೆಗದ್ರ ಒಳಗ ಬೆಲ್ಲ! ಮನಿ ಮಗಳು ಮನಿ ಡಬ್ಬಿಯೊಳಗ ಬೆಲ್ಲಾ ಇಟ್ಟು ಕಳಸ್ತಾಳೇನವ್ವಾ? ಅದು ಹೊರಗಿನವರು ಮಾಡೋ ರೀತಿ. ಒಂದೂವರಿ ವರ್ಷ ನನ್ನ ಮಗಳು ಡಬ್ಬಿ ಖಾಲಿ ಕಳಿಸ್ಯಾಳ. ಒಮ್ಮೊಮ್ಮೆ ತೊಳದೂ ಇರೂದಿಲ್ಲ. ಅದನ್ನ ನೋಡಿ ನನಗ ಸಮಾಧಾನ. ಈ ಬೆಲ್ಲ ನೋಡಿದ ಕೂಡಲೇ ಎದಿ ಝಲ್ ಅಂತು. ನನ್ನ ಮಗಳು ಅಲ್ಲಿಲ್ಲ, ಯಾರೋ ಬ್ಯಾರೇದವರು ಡಬ್ಬಿ ಕಳಿಸ್ಯಾರ ಅಂತ ಗೊತ್ತಾತು."

ಶ್ವೇತಾ ಹಸಿರು ಗಂಟಿನ ಕಡೆ ನೋಡಿದಳು. ಹಸಿರು ಅರಿವೆ, ಎರಡು ಸುತ್ತಿನ ಗಂಟು, ಎಲ್ಲ ನೆನಪಿಟ್ಟಿದ್ದಳು. ಇದನ್ನು ನೆನಪಿಡುವುದು ಹೇಗೆ? ಮನೆಯಿಂದ ಡಬ್ಬಿ ಬಂದವರಿಗಲ್ಲವೇ ಅದನ್ನು ಹೇಗೆ ವಾಪಸ್ ಕಳಿಸಬೇಕೆಂದು ಗೊತ್ತಿರುವುದು.

ಮಲ್ಲೇಶಪ್ಪ ಇಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ. ಈಗ ಒಂದೇ ಮಾತು ಆಡಿದ. "ಆಕಿ ಟ್ರಂಕ್ ಕಟ್ರಿ. ಬಂದ ಕೂಡಲೇ ಕರಕೊಂಡು ಹೋಗ್ತೀವಿ."

"ಕಾಕಾ, ತಪ್ಪು ನಂದ್ರಿ."

"ಟ್ರಂಕ್ ಕಟ್ರಿ."

ಕಟ್ಟಿದರು. ಹೇಗೆ ಕಟ್ಟಿದರು ಅಂತೀರಿ! ಹತ್ತು ಹುಡುಗಿಯರು ಸೇರಿದರೆ ಒಂದು ಟ್ರಂಕು ಎಷ್ಟು ಹೊತ್ತು? ಕಾಲು ಗಂಟೆ. ಆದರೆ ಅವತ್ತು ಬಳಗವೆಲ್ಲ ಕ್ಲಾಸು ತಪ್ಪಿಸಿ ಒಂಬತ್ತೂವರೆಯಿಂದ ಒಂದು ಗಂಟೆಯ ತನಕ ಕಟ್ಟಿತು. ಒಬ್ಬಳು ಪುಸ್ತಕ ಇಟ್ಟರೆ ಇನ್ನೊಬ್ಬಳು, "ಇದು ಲೈಬ್ರರೀದು" ಎಂದು ತೆಗೆಯುವಳು. ಒಬ್ಬಳು ಸೀರೆ ಮಡಿಸಿದರೆ ಇನ್ನೊಬ್ಬಳು, "ಇದು ನಂದು, ಆಕೀದು ನನ್ನ ಹತ್ರ ಐತಿ" ಎಂದು ಹುಡುಕಲು ಹೋಗುವಳು. ಮಲ್ಲೇಶಪ್ಪ ಎರಡು ಸಲ ಕೆಮ್ಮಿದ. ಮೂರನೆಯ ಸಲ ಕೆಮ್ಮುವ ಹೊತ್ತಿಗೆ ಚಹಾ ಬಂತು, ಕುಡಿದ.

ಶ್ವೇತಾಳಿಗೆ ಮಾತ್ರ ನಗು ಬರಲಿಲ್ಲ. ಟ್ರಂಕಿನ ಅಡಿಯಲ್ಲಿ ದೀಪಿಕಾ ಜೋಪಾನವಾಗಿ ಇಟ್ಟಿದ್ದ ಮೊದಲ ವರ್ಷದ ಅಂಕಪಟ್ಟಿ ಕೈಗೆ ಸಿಕ್ಕಿತು. ಕೇಂದ್ರಕ್ಕೆ ಎರಡನೆಯವಳು. ಇನ್ನು ಐದು ತಿಂಗಳು ಓದಿದರೆ ಎಂ.ಎ. ಮುಗಿಯುತ್ತಿತ್ತು. ನನ್ನ ಒಂದು ಹೆಂಟೆ ಬೆಲ್ಲ ಇವಳ ಓದು ತಿಂದುಹಾಕಿತಲ್ಲ ಎಂದು ಅದನ್ನು ಟ್ರಂಕಿಗೆ ಇಡದೆ ಕೈಯಲ್ಲೇ ಹಿಡಿದು ಕೂತಳು.

ಗುಡ್ಡವ್ವ ಹೊಸ್ತಿಲಲ್ಲಿ ಕೂತು ಗೋಡೆಯ ಮೇಲಿನ ಕಾಗದ ನೋಡುತ್ತಿದ್ದಳು. ಓದಲು ಬಾರದು. "ಅದರಾಗ ಏನ್ ಬರದೈತಿ?" ಎಂದು ಸುರೇಖಾಳನ್ನು ಕೇಳಿದಳು. ಸುರೇಖಾ ಓದಿದಳು, ಸತ್ಯವಂತೆ, ಒಂದಕ್ಷರ ಬಿಡದೆ. ಬುತ್ತಿ ತರುವ ಪಾಳಿ. ಲೈಬ್ರರಿಯಿಂದ ಒಟ್ಟಿಗೆ ಬರುವ ಪಾಳಿ. ಶ್ರಾವಣದಲ್ಲಿ ದೀಪಿಕಾಳ ಜ್ವರಕ್ಕೆ ನಾಲ್ಕು ದಿನ ಹತ್ತಿರ ಕೂತವರ ಪಾಳಿ.

"ಜ್ವರ ಬಂದಿತ್ತಾ? ನಮಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮನಿಗೆ ಕರಕೊಂಡು ಹೋಗ್ತಿದ್ರಲ್ರಿ. ಜ್ವರದಾಗೂ ಡಬ್ಬಿ ಗಂಟು ತಾನೇ ಕಟ್ಟತಿದ್ಲು. ದವಾಖಾನಿಗೆ ಶ್ವೇತಾ ಕರಕೊಂಡು ಹೋಗಿದ್ಲು. ನಾಕು ದಿನಾನೂ ಆಕಿ ಕಣ್ಣು ಮುಚ್ಚಲಿಲ್ಲ."

ಗುಡ್ಡವ್ವ ಹೊಸ್ತಿಲಿನಿಂದ ಎದ್ದು ಒಳಗೆ ಬಂದಳು. ಹಸಿರು ಗಂಟು ಬಿಚ್ಚಿ, "ಎಲ್ಲಾರೂ ಉಣ್ಣಾಕ ಬರ್ರಿ" ಎಂದಳು. ಹುಡುಗಿಯರ ಬುತ್ತಿಗಳೂ ಬಿಚ್ಚಿಕೊಂಡವು. ಅವತ್ತು ಎಲ್ಲವನ್ನೂ ನಡುವೆ ಇಟ್ಟು ಹಂಚಿಕೊಂಡರು. ಗುಡ್ಡವ್ವ ಎಲ್ಲರ ಡಬ್ಬಿ ನೋಡಿದಳು, ಶ್ವೇತಾಳ ಮುಂದೆ ಮಾತ್ರ ಡಬ್ಬಿ ಕಾಣಲಿಲ್ಲ.

"ನಿನ್ನ ಬುತ್ತಿ ಎಲ್ಲವ್ವಾ?"

"ನನಗ ಬರೂದಿಲ್ಲ ಅತ್ತಿ. ಕಟ್ಟಾಕ ನಮ್ಮವ್ವ ಇಲ್ಲ" ಎಂದ ಶ್ವೇತಾ, ಇವತ್ತು ಸತ್ಯ ಹೇಳುವುದೇ ಆದರೆ ಪೂರ್ತಿ ಹೇಳಿಬಿಡೋಣ ಎಂದುಕೊಂಡಳು. "ನೀವು ಕಳಸೋ ಎಂಟರಾಗ ಐದು ರೊಟ್ಟಿ ನಾನ ತಿನ್ನಾಕಿ. ನಿಮ್ಮ ಗುರೆಳ್ಳು ಚಟ್ನಿನೂ ಮುಕ್ಕಾಲು ನಂದ."

ಗುಡ್ಡವ್ವನ ಕೈ ನಿಂತಿತು. "ಅಂದ್ರ... ಆಕೀಗೆ ಹುಳಾ ಇರಲಿಲ್ಲಾ?"

"ಇಲ್ರಿ, ನಾ ಇದ್ದೆ."

ಮೊದಲು ಗುಡ್ಡವ್ವ ನಕ್ಕಳೋ, ಹುಡುಗಿಯರು ನಕ್ಕರೋ, ಖೋಲಿಯೇ ಹಾರಿಹೋಗುವಷ್ಟು ನಗು. ಗುಡ್ಡವ್ವನ ಹೊಟ್ಟೆ ಕುಣಿಯಿತು, ಕಣ್ಣಲ್ಲಿ ನೀರು ಬಂತು. ಅಂಗಳದಲ್ಲಿ ತಟ್ಟೆ ಹಿಡಿದು ಕೂತಿದ್ದ ಮಲ್ಲೇಶಪ್ಪ, "ಏನದು?" ಎಂದ. ಯಾರೂ ಹೇಳಲಿಲ್ಲ. ನಗು ಮುಗಿದ ಮೇಲೆ ಗುಡ್ಡವ್ವ ಎರಡು ರೊಟ್ಟಿಯ ಮೇಲೆ ಚಟ್ನಿ, ಚಟ್ನಿಯ ಮೇಲೆ ಎಣ್ಣೆ ಹಾಕಿ ಶ್ವೇತಾಳ ಕೈಗೆ ಇಟ್ಟಳು. ತಾನೇ ಇಟ್ಟಳು, ನಡುವೆ ದೀಪಿಕಾ ಇರಲಿಲ್ಲ. ಶ್ವೇತಾ ಆ ರೊಟ್ಟಿಯನ್ನು ಒಂದೊಂದೇ ಚೂರು ಮುರಿದು ನಿಧಾನವಾಗಿ ತಿಂದಳು.

ನಾಲ್ಕೂ ಹತ್ತಕ್ಕೆ ದೀಪಿಕಾ ಬಂದಳು. ಹೆಗಲಿಗೆ ಬ್ಯಾಗು, ಮುಖದ ತುಂಬ ಸಂತೋಷ. ಅಂಗಳದಲ್ಲಿ ಅಪ್ಪ, ಅವನ ಪಕ್ಕದಲ್ಲಿ ತನ್ನ ಟ್ರಂಕು. ಸಂತೋಷ ಅಲ್ಲೇ ನಿಂತಿತು.

"ಯಾರನ್ನ ಕೇಳಿ ಹೋಗಿದ್ದಿ?" ಎಂದ ಮಲ್ಲೇಶಪ್ಪ.

"ಯಾರನ್ನೂ ಕೇಳಲಿಲ್ಲ ಯಪ್ಪಾ. ಕೇಳಿದ್ರ ಹೂಂ ಅಂತಿದ್ದೇನು?"

"ಇಲ್ಲ."

"ಅದಕ್ಕ ಕೇಳಲಿಲ್ಲ. ತಪ್ಪು ಮಾಡೀನಿ." ದೀಪಿಕಾ ಹೆಗಲಿನ ಬ್ಯಾಗು ಇಳಿಸದೆ ನಿಂತೇ ಹೇಳಿದಳು. "ಎರಡು ವರ್ಷದಾಗ ಇಲ್ಲಿ ಹದಿನೇಳು ಹುಡುಗ್ಯಾರು ನಡುವ ಓದು ಬಿಟ್ಟಾರ. ಇರಾಕ ಜಾಗಾ ಇಲ್ಲಂತ, ಮನಿಯವರಿಗೆ ಅಂಜಿಕಿ ಅಂತ. ನಾ ಅಲ್ಲಿ ಎದ್ದು ನಿಂತು ಆ ಹದಿನೇಳೂ ಹೆಸರು ಓದಿದೆ. ಮೇಡ್ಲೇರಿ ಗುತ್ತೆವ್ವ ಅಂತ ಮೊದಲನೇ ಹೆಸರು."

"ನಮ್ಮೂರ ಗುತ್ತೆವ್ವ?" ಎಂದಳು ಒಳಗಿನಿಂದ ಬಂದ ಗುಡ್ಡವ್ವ, ಮೇಡ್ಲೇರಿ ಅವಳ ತವರು. "ಅಷ್ಟ ಶಾಣ್ಯಾ ಹುಡುಗಿ, ಆಕಿನೂ ಬಿಟ್ಲಾ?"

"ಬಿಟ್ಲು ಯವ್ವಾ. ಹೆಸರು ಓದಿದ ಮ್ಯಾಲೆ ಅವ್ರು ಒಪ್ಪಿದ್ರು. ಜೂನದಿಂದ ಒಂದು ಮನಿ ಬಾಡಿಗಿ ಹಿಡಿದು ಹಾಸ್ಟೆಲ್ ಮಾಡ್ತಾರ. ನಮ್ಮ ಹೆಣ್ಮಕ್ಕಳನ್ನ ಇಡ್ತೀವಿ ಅಂತ ಪಾಲಕರು ಸೋಮವಾರ ಹನ್ನೊಂದಕ್ಕ ಇಲ್ಲಿಗೆ ಬಂದು ಹೇಳಬೇಕಂತ. ನಾ ಜೂನದಾಗ ಇರೂದಿಲ್ಲ, ನನ್ನ ಓದು ಮುಗಿದಿರ್ತದ. ಬರೋ ಹುಡುಗ್ಯಾರಿಗೆ ಅದು." ಟ್ರಂಕಿನ ಕಡೆ ನೋಡಿದಳು. "ಇವತ್ತ ನಾ ಹೋದ್ರ ನಾನ ಹದಿನೆಂಟನೇಕಿ ಆಗ್ತೀನಿ."

ಮಲ್ಲೇಶಪ್ಪ ಮಗಳ ಮುಖ ನೋಡಲಿಲ್ಲ. ನೆಲ ನೋಡುತ್ತ, "ಹೇಳಿದ ಮಾತು ಹೇಳಿದ್ದ. ಬಸ್ಸಿನ ಹೊತ್ತಾತು" ಎಂದು ಟ್ರಂಕಿನ ಹಿಡಿಕೆಗೆ ಕೈ ಹಾಕಿದ.

ಗುಡ್ಡವ್ವ ನಾಲ್ಕು ಹೆಜ್ಜೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟ್ರಂಕಿನ ಮೇಲೆ ಕೂತುಬಿಟ್ಟಳು. ಟ್ರಂಕು ಕರ್ ಎಂದಿತು.

"ಏಳು" ಎಂದ ಮಲ್ಲೇಶಪ್ಪ.

"ಏಳೂದಿಲ್ಲ. ಒಯ್ಯಬೇಕಂದ್ರ ನನ್ನನ್ನೂ ಕೂಡೇ ಹೊತ್ಕೊಂಡು ಹೋಗ್ರಿ." ಗುಡ್ಡವ್ವ ಗಂಡನಿಗೆ ಎದುರಾಡಿದ್ದು ಅವಳಿಗೇ ಹೊಸದು. ದನಿ ಮೊದಲು ಸಣ್ಣದಿತ್ತು, ಬರಬರುತ್ತ ದೊಡ್ಡದಾಯಿತು. "ನಿನ್ನಿ ರಾತ್ರಿ ನಾ ನಿದ್ದಿ ಮಾಡಿಲ್ಲ. ನನ್ನ ಮಗಳು ಪರಊರಾಗ ಒಬ್ಬಾಕಿನ ಅದಾಳ, ಹೇಳವರು ಕೇಳವರು ಯಾರೂ ಇಲ್ಲ ಅಂತ ಅತ್ತೇನಿ. ಬಂದು ನೋಡಿದ್ರ ಹತ್ತು ಮಂದಿ ಆಕೀನ್ನ ಕಾಯಾಕತ್ತಾರ. ಜ್ವರ ಬಂದ್ರ ಕೂಡಾಕ ಪಾಳಿ ಹಚ್ಯಾರ್ರಿ, ಪಾಳಿ! ನನಗ ಮೂರು ಬಾಣಂತನ ಆತು, ನನ್ನ ಹತ್ರ ಕೂಡಾಕ ಯಾರು ಪಾಳಿ ಹಚ್ಚಿದ್ರು? ಇಂಥವರ ನಡುವ ಇದ್ದಾಕೀನ್ನ ಎಲ್ಲಿಗೆ ಒಯ್ತೀರಿ? ಸೋಮವಾರ ನಾನೂ ಬರ್ತೀನಿ. ಏನ್ ಹೇಳಬೇಕೋ ನಾನ ಹೇಳ್ತೀನಿ."

ಮಲ್ಲೇಶಪ್ಪ ಹಿಡಿಕೆ ಹಿಡಿದೇ ನಿಂತಿದ್ದ. ಎಳೆದರೆ ಬರುವ ಭಾರವಲ್ಲ ಅದು, ಅದು ಅವನಿಗೂ ತಿಳಿಯಿತು. ಕೈ ಬಿಟ್ಟ. ಪಟಗ ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ.

"ಸೋಮವಾರ ಎಷ್ಟ ಗಂಟೇಕ?" ಎಂದ.

ದೀಪಿಕಾ ಬಾಯಿ ತೆರೆಯುವ ಮುಂಚೆಯೇ, "ಹನ್ನೊಂದಕ್ರಿ ಕಾಕಾ!" ಎಂದು ಹತ್ತು ದನಿ ಒಟ್ಟಿಗೆ ಕೂಗಿದವು. ಅವತ್ತಿಡೀ ದಿನದಲ್ಲಿ ಬಳಗದವರೆಲ್ಲ ಒಂದೇ ಉತ್ತರ ಕೊಟ್ಟಿದ್ದು ಅದೊಂದೇ ಸಲ. ಮಲ್ಲೇಶಪ್ಪನ ಮೀಸೆ ಸ್ವಲ್ಪ ಅಲುಗಿತು. ಮಗಳ ಕಡೆ ತಿರುಗಿ, "ಇನ್ ಮ್ಯಾಲೆ ನಾಕನೇ ಜಾಗಾಕ್ಕ ಹೋಗಬೇಕಾದ್ರ ಹೇಳಿ ಹೋಗು. ನಿಮ್ಮವ್ವನ ಎದಿ ಒಡೀಬಾರದು" ಎಂದ. ದೀಪಿಕಾ ಅಳುತ್ತ ಅಪ್ಪನ ತೋಳಿಗೆ ಮುಖ ಒತ್ತಿದಳು. ಅವನು ಏನು ಮಾಡಬೇಕೆಂದು ತಿಳಿಯದೆ ಅವಳ ಬ್ಯಾಗನ್ನು ಇಳಿಸಿಕೊಂಡ.

ಟ್ರಂಕು ಬಿಚ್ಚಲು ಐದು ನಿಮಿಷ ಸಾಕಾಯಿತು.

ಸಂಜೆ ಬಸ್ಸು ಹತ್ತುವಾಗ ಗುಡ್ಡವ್ವ ಶ್ವೇತಾಳನ್ನು ಪಕ್ಕಕ್ಕೆ ಕರೆದಳು. ಶ್ವೇತಾ ಬೈಗುಳಕ್ಕೆ ತಯಾರಾಗಿಯೇ ನಿಂತಳು. "ನಾಳಿಂದ ಎರಡು ಡಬ್ಬಿ ಬರ್ತಾವ. ಒಂದು ಆಕೀದು, ಒಂದು ನಿಂದು" ಎಂದಳು ಗುಡ್ಡವ್ವ. "ಸಂಜೀಕ ನಿನ್ನ ಡಬ್ಬಿನೂ ಖಾಲಿ ಕಳಸು. ಬೆಲ್ಲಾ ಗಿಲ್ಲಾ ಹಾಕಿದಿ ಅಂದ್ರ ಬಂದು ಕಿವಿ ಹಿಂಡ್ತೀನಿ, ನೋಡು."

ಶನಿವಾರ ಮುಂಜಾನೆ ಬಾನೆಟ್ಟಿನ ಮೇಲೆ ಒಂದೇ ಹಸಿರು ಸೀರೆಯ ಎರಡು ಗಂಟು ಕೂತು ಬಂದವು. ಅವತ್ತು ಶ್ವೇತಾ ಯಾರಿಗೂ ಒಂದು ರೊಟ್ಟಿ ಕೊಡಲಿಲ್ಲ. ದೀಪಿಕಾ ಕೇಳಿದರೂ ಕೊಡಲಿಲ್ಲ. ಸಂಜೆ ಡಬ್ಬಿ ತೊಳೆದು ಒರೆಸಿದಳು. ರೂಢಿಯ ಕೈ ಬೆಲ್ಲದ ಡಬ್ಬದ ತನಕ ಹೋಯಿತು, ಮುಚ್ಚಳ ತೆಗೆಯಿತು, ಮತ್ತೆ ಮುಚ್ಚಿತು. ಖಾಲಿ ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿ ಐದು ಗಂಟೆಯ ಬಸ್ಸಿಗೆ ಕೊಟ್ಟಳು.

ಆರಕ್ಕೆ ಫೋನು ಬಂತು, ರಾಣೆಬೆನ್ನೂರಿನಿಂದ. "ಬೇಟಾ, ಎರಡು ಗಂಟು ಬಂದಾವ. ನಿನ್ನಿ ಆ ಅವ್ವ ಬೆಲ್ಲದ ಕತಿ ಹೇಳಿ ಹೋದ್ಲು. ಇವತ್ತ ಎರಡೂ ಹಗುರ ಅದಾವಲ್ಲ, ನಿಂದರಾಗ ಏನರೆ ಇಡೋದು ಮರತೀ ಏನು?" ಎಂದು ಯೂಸುಫಸಾಬ ಕೇಳಿದ.

"ಇಲ್ಲ ಚಾಚಾ, ಮರತಿಲ್ಲ" ಎಂದಳು ಶ್ವೇತಾ. "ಅದು ನಮ್ಮ ಮನಿ ಡಬ್ಬಿ."